ಆಷಾಢದ ಗಾಳಿಗೆ ತಡೆಯುವ ತಾಡಪತ್ರಿ ಯಾವುದು? ಸೈಕಲ್ ಮೇಲೆ ಒಯ್ಯುವಂಥದ್ದು ಬೇಕು

ಸೈಕಲ್‌ನವ, ಧಾರವಾಡ

ನಮಸ್ಕಾರ ರೀ ಎಲ್ಲರಿಗೂ. ನಾವು ನಾಲ್ಕು ಜನ ಗೆಳೆಯರು. ತಿಂಗಳಿಗೊಮ್ಮೆ ಸೈಕಲ್ ಹತ್ತಿ ಎಲ್ಲಾದರೂ ಹೋಗಿ ಒಂದು ರಾತ್ರಿ ಬಯಲಲ್ಲಿ ಮಲಗಿ ಬರುತ್ತೇವೆ. ಟೆಂಟ್ ಇಲ್ಲ. ನಾಲ್ಕು ಜನರ ಟೆಂಟ್ ಹೊರುವ ತ್ರಾಣವೂ ಇಲ್ಲ, ದುಡ್ಡೂ ಇಲ್ಲ. ಒಂದು ತಾಡಪತ್ರಿ, ಎರಡು ಬಿದಿರು, ಹಗ್ಗ, ಅಷ್ಟೇ.

ಹೋದ ತಿಂಗಳು ಕಪ್ಪತಗುಡ್ಡದ ಬುಡದಲ್ಲಿ ಗೆಳೆಯನ ಸೋದರಮಾವನ ಹೊಲದಲ್ಲಿ ಉಳಿದಿದ್ದೆವು. ಗುಡ್ಡದ ಒಳಗೆ ಹೋಗಿಲ್ಲ, 2019ರಲ್ಲಿ ಅದು ವನ್ಯಜೀವಿಧಾಮ ಆಗಿದೆ, ಅನುಮತಿ ಇಲ್ಲದೆ ಅಲ್ಲಿ ಮಲಗುವ ಹಾಗಿಲ್ಲ ಅಂತ ಗೊತ್ತು, ಯಾರೂ ಬೈಯಬೇಡಿ. ಆಷಾಢ ಬೇರೆ. ಅಲ್ಲಿ ಗಾಳಿಯಂತ್ರಗಳನ್ನು ಸುಮ್ನೆ ನಿಲ್ಲಿಸಿಲ್ಲ ಅಂತ ಅವತ್ತು ರಾತ್ರಿ ತಿಳಿಯಿತು. ಎರಡು ಗಂಟೆಗೆ ಒಂದು ಮೂಲೆಯ ರಿಂಗ್ ಕಿತ್ತು ಬಂತು, ತಾಡಪತ್ರಿ ಪಟಪಟ ಬಡಿದುಕೊಳ್ಳಲು ಶುರುವಾಯಿತು, ನಾವು ಎದ್ದು ಬ್ಯಾಟರಿ ಹುಡುಕುವಷ್ಟರಲ್ಲಿ ಇನ್ನೆರಡು ರಿಂಗ್ ಹೋದವು, ಆಮೇಲೆ ನಟ್ಟನಡುವೆ ಒಂದು ಮೊಳ ಹರಿದು ನಿಂತಿತು. ಉಳಿದ ರಾತ್ರಿ ನಾಲ್ವರೂ ಅದನ್ನೇ ಹೊದ್ದು ಕುಳಿತೆವು.

ನೀಲಿ ಬಣ್ಣದ್ದು, 12×15 ಅಡಿ. ಅಂಗಡಿಯವರು 150 ಜಿಎಸ್‌ಎಂ ಅಂತ ಹೇಳಿ ಕೊಟ್ಟಿದ್ದರು. ಐದು ವರ್ಷ ಅಲ್ಲಾಡಲ್ಲ ಅಂದಿದ್ದರು. ಐದು ತಿಂಗಳೂ ಆಗಿಲ್ಲ.

ಈಗ ಹೊಸದು ತೆಗೆದುಕೊಳ್ಳಬೇಕು. ದಪ್ಪದ್ದು ತಗೊಂಡರೆ ಮುಗಿಯಿತಾ, ಬೇರೆ ಏನಾದರೂ ನೋಡಬೇಕಾ? ಎರಡು ಸಾವಿರದ ಒಳಗೆ ಹೇಳಿ.

ಪೆಂಡಾಲ್ ಕೆಲಸ, ಹಾವೇರಿ

ತಮ್ಮಾ, ಹೊಸದು ತಗೊಳ್ಳುವ ಮೊದಲು ಹಳೆಯದನ್ನು ತಕ್ಕಡಿಗೆ ಹಾಕು.

ಜಿಎಸ್‌ಎಂ ಅಂದರೆ ಒಂದು ಚದರ ಮೀಟರಿಗೆ ಎಷ್ಟು ಗ್ರಾಂ ಅಂತ, ಬೇರೇನಿಲ್ಲ. ಅಡಿಯಿಂದ ಅಡಿ ಗುಣಿಸಿ 10.76ರಿಂದ ಭಾಗಿಸಿದರೆ ಚದರ ಮೀಟರ್ ಬರುತ್ತದೆ. ನಿನ್ನದು 12×15, ಅಂದರೆ 180 ಚದರ ಅಡಿ, ಹತ್ತಿರಹತ್ತಿರ 16.7 ಚದರ ಮೀಟರ್. ನಿಜವಾಗಿ 150 ಜಿಎಸ್‌ಎಂ ಇದ್ದರೆ ಎರಡೂವರೆ ಕೆಜಿ ತೂಗಬೇಕು. ತೂಗಿ ಹೇಳು, ಆಮೇಲೆ ಮಾತಾಡೋಣ. ತಾಡಪತ್ರಿ ಮೇಲೆ ಏನು ಬೇಕಾದರೂ ಅಚ್ಚು ಹಾಕಬಹುದು, ತಕ್ಕಡಿ ಮುಂದೆ ಅದು ನಡೆಯಲ್ಲ.

ಗದಗಿನವ, ಈಗ ಬೆಂಗಳೂರು

ಬ್ರೋ, ಇದೆಲ್ಲ ಹೊಲದ ಲೆಕ್ಕ. ಕ್ಯಾಂಪಿಂಗ್‌ಗೆ ಅಂತಲೇ ಟಾರ್ಪ್ ಬರುತ್ತವೆ, ರಿಪ್‌ಸ್ಟಾಪ್ ಪಾಲಿಯೆಸ್ಟರ್‌ದು. ಸಣ್ಣ ಸಣ್ಣ ಚೌಕ ಕಾಣುತ್ತವಲ್ಲ, ಆ ಗೆರೆಯಲ್ಲಿ ದಪ್ಪ ನೂಲು ಇರುತ್ತದೆ, ಹರಿದರೂ ಅಲ್ಲಿಗೇ ನಿಲ್ಲುತ್ತದೆ. ನಾಲ್ಕು ಜನಕ್ಕೆ ಸಾಕಾಗುವ ಅಳತೆಯದ್ದೂ ಒಂದು ಕೆಜಿ ಆಸುಪಾಸು ಇರುತ್ತದೆ, ಮಡಚಿದರೆ ಒಂದು ಟಿಫಿನ್ ಡಬ್ಬಿಯಷ್ಟು ಜಾಗ. ನೀರು ತಡೆಯುವುದನ್ನು ಮಿಲಿಮೀಟರ್‌ನಲ್ಲಿ ಹೇಳುತ್ತಾರೆ. 3000 ಮಿ.ಮೀ. ಅಂದರೆ ಅದರ ಮೇಲೆ ಮೂರು ಮೀಟರ್ ಎತ್ತರದ ನೀರಿನ ಕಂಬ ನಿಲ್ಲಿಸುವವರೆಗೆ ಸೋರಲ್ಲ ಅಂತ. ನಮ್ಮ ಮಳೆಗೆ 2000 ಇದ್ದರೂ ನಡೆಯುತ್ತದೆ. ನೈಲಾನ್ ಬೇಡ, ಒದ್ದೆಯಾದರೆ ಹಿಗ್ಗಿ ಜೋಲು ಬೀಳುತ್ತದೆ, ನಡುರಾತ್ರಿ ಎದ್ದು ಮತ್ತೆ ಬಿಗಿಯಬೇಕು.

ಕುರಿ ಮನೆತನ, ಶಿರಹಟ್ಟಿ

ಒಳ್ಳೆಯದೇ ಇರಬಹುದು ಅಣ್ಣಾ, ಆದರೆ ಅವರು ಎರಡು ಸಾವಿರ ಅಂದಿದ್ದಾರೆ. ಜಾಲಿಮುಳ್ಳಿನ ನೆಲದಲ್ಲಿ ನಿಮ್ಮ ಟಿಫಿನ್ ಡಬ್ಬಿ ಎಷ್ಟು ದಿನ ಬಾಳುತ್ತದೆ ಅನ್ನುವುದನ್ನೂ ಹೇಳಿ.

ಗದಗಿನವ, ಈಗ ಬೆಂಗಳೂರು

ಮುಳ್ಳಿಗೆ ಎಲ್ಲವೂ ಹರಿಯುತ್ತವೆ ಅಣ್ಣಾ 😄 ಆದರೆ ಒಂದು ಮಾತು ನಾನೇ ಒಪ್ಪಿಕೊಳ್ಳುತ್ತೇನೆ. ನೀರು ತಡೆಯಲು ಬಳಿದಿರುವ ಪಿಯು (ಪಾಲಿಯುರೆಥೇನ್) ಲೇಪನ ಇರುವ ಬಟ್ಟೆಯನ್ನು ಒದ್ದೆ ಮಡಚಿಟ್ಟರೆ ಎರಡು ಮೂರು ವರ್ಷಕ್ಕೆ ಒಳಗೆಲ್ಲ ಅಂಟು ಅಂಟಾಗಿ ಕೆಟ್ಟ ವಾಸನೆ ಹೊಡೆಯುತ್ತದೆ. ನನ್ನ ಮೊದಲನೆಯದು ಹಾಗೇ ಹೋಯಿತು.

ಸೈಕಲ್‌ನವ, ಧಾರವಾಡ

ತೂಗಿದೆ. ಮನೆ ಹತ್ತಿರದ ಕಿರಾಣಿ ಅಂಗಡಿಯಲ್ಲಿ. ಸಕ್ಕರೆ ಚೀಲದ ಪಕ್ಕ ಹರಿದ ತಾಡಪತ್ರಿ ಇಟ್ಟಾಗ ಅಂಗಡಿ ಕಾಕಾ ಇದನ್ನು ಮಾರ್ತೀಯೇನೋ ಅಂತ ಕೇಳಿದರು. 1 ಕೆಜಿ 510 ಗ್ರಾಂ.

ಲೆಕ್ಕ ಹಾಕಿದರೆ 90 ಜಿಎಸ್‌ಎಂ. 150 ಅಂತ ದುಡ್ಡು ಕೊಟ್ಟಿದ್ದೇನೆ. ಅಳತೆಯನ್ನೂ ಟೇಪ್ ಹಿಡಿದು ನೋಡಿದೆ, ಎರಡೂ ಕಡೆ ನಾಲ್ಕು ನಾಲ್ಕು ಇಂಚು ಕಡಿಮೆ ಇದೆ.

ಪೆಂಡಾಲ್ ಕೆಲಸ, ಹಾವೇರಿ

ನಾಲ್ಕು ಇಂಚಿನದು ಮೋಸ ಅಲ್ಲ. ಅಂಚು ಮಡಚುವ ಮೊದಲಿನ ಅಳತೆಯನ್ನೇ ಹೇಳುವುದು ಈ ಧಂದೆಯಲ್ಲಿ ರೂಢಿ. ತೂಕದ್ದು ಮಾತ್ರ ಮೋಸವೇ.

ಇನ್ನೊಂದು ಕೇಳು. ಕೆಲವರು ಜಿಎಸ್‌ಎಂ ಬಿಟ್ಟು ಮೈಕ್ರಾನ್ ಹೇಳುತ್ತಾರೆ, ಕೆಲವರು ಗೇಜ್. ನಾಲ್ಕು ಗೇಜ್‌ಗೆ ಒಂದು ಮೈಕ್ರಾನ್. ಪ್ಲಾಸ್ಟಿಕ್ ನೀರಿಗಿಂತ ಸ್ವಲ್ಪ ಹಗುರ ಇರುವುದರಿಂದ 100 ಮೈಕ್ರಾನ್ ಹಾಳೆ ಸುಮಾರು 92 ಜಿಎಸ್‌ಎಂ ಬರುತ್ತದೆ. "400 ಗೇಜ್ ಐತ್ರೀ" ಅಂದಾಗ ಭಾರಿ ಅನ್ನಿಸುತ್ತದೆ, ಅದು ಅದೇ 100 ಮೈಕ್ರಾನ್. ದೊಡ್ಡ ಸಂಖ್ಯೆ ಹೇಳಿದರೆ ಗಿರಾಕಿ ಸುಮ್ಮನಾಗುತ್ತಾನೆ ಅಂತ ಅವರಿಗೆ ಗೊತ್ತು.

ನೀಲಿಯದನ್ನು ಬಿಸಿಲಿಗೆ ಹಿಡಿದು ನೋಡು. ಪಟ್ಟಿ ಪಟ್ಟಿ ನೇಯ್ಗೆ ಕಾಣುತ್ತದಲ್ಲ, ಅದು ಎಚ್‌ಡಿಪಿಇ, ಒಂದು ಬಗೆಯ ಗಟ್ಟಿ ಪಾಲಿಥಿನ್. ನೇಯ್ಗೆಯ ಎರಡೂ ಕಡೆ ತೆಳುವಾದ ಪ್ಲಾಸ್ಟಿಕ್ ಪೊರೆ ಹೊದಿಸಿರುತ್ತಾರೆ. ನೀರು ತಡೆಯುವುದು ಪೊರೆ, ಎಳೆತ ತಡೆಯುವುದು ನೇಯ್ಗೆ. ಬೆಳಕಲ್ಲಿ ಸೂಜಿ ತೂತುಗಳು ಚುಕ್ಕಿ ಚುಕ್ಕಿ ಕಂಡರೆ ಅಂಗಡಿಯಲ್ಲೇ ಬಿಟ್ಟು ಬಾ.

ಮೆಣಸಿನಕಾಯಿ ಕಣ, ಬ್ಯಾಡಗಿ

ಎಲ್ಲರೂ ತೂಕದ ಹಿಂದೆ ಬಿದ್ದಿದ್ದೀರಿ. ತಮ್ಮಾ, ಒಂದು ಮಾತು ಕೇಳಲಾ? ಈ ಐದು ತಿಂಗಳು ಅದು ಎಲ್ಲಿತ್ತು? ಮಡಚಿ ಒಳಗಿಟ್ಟಿದ್ದೆಯಾ, ಬಿಸಿಲಲ್ಲಿತ್ತಾ?

ಸೈಕಲ್‌ನವ, ಧಾರವಾಡ

ಅಕ್ಕಾ, ಸಿಕ್ಕಿಬಿದ್ದೆ. ಏಪ್ರಿಲ್, ಮೇ ಎರಡು ತಿಂಗಳು ಮಾಳಿಗೆ ಮೇಲೆ ಕಟ್ಟಿಗೆಗೆ ಹೊದಿಸಿದ್ದೆವು.

ಮೆಣಸಿನಕಾಯಿ ಕಣ, ಬ್ಯಾಡಗಿ

ಅದೇ ಅಂದುಕೊಂಡೆ. ನಮ್ಮದು ಮೆಣಸಿನಕಾಯಿ ಒಣಗಿಸುವ ಮನೆ, ವರ್ಷಕ್ಕೆ ನಾಲ್ಕೈದು ತಾಡಪತ್ರಿ ಬದಲಾಯಿಸುತ್ತೇವೆ, ಅದಕ್ಕೇ ಗೊತ್ತು. ತಾಡಪತ್ರಿಗೆ ಮೊದಲ ವೈರಿ ಬಿಸಿಲು. ಗಾಳಿ, ಮಳೆ ಆಮೇಲೆ. ಬಿಸಿಲಿನ ನೇರಳಾತೀತ ಕಿರಣ ಪ್ಲಾಸ್ಟಿಕ್‌ನ ಎಳೆಯನ್ನು ಒಳಗಿಂದಲೇ ಕಡಿಯುತ್ತಾ ಹೋಗುತ್ತದೆ. ಮೇಲಿಂದ ನೋಡಿದರೆ ಬಣ್ಣ ಸ್ವಲ್ಪ ಮಾಸಿದೆ ಅಷ್ಟೇ ಅನ್ನಿಸುತ್ತದೆ. ಉಗುರಿನಿಂದ ಕೆರೆದು ನೋಡು, ಪೊರೆ ಹಪ್ಪಳದ ಹಾಗೆ ಪುಡಿ ಪುಡಿ ಎದ್ದು ಬರುತ್ತದೆ. ಮಡಿಕೆ ಇರುವ ಕಡೆ ಮೊದಲು. ನಿಮ್ಮದು ನಡುವೆ ಹರಿದಿದ್ದು ಮಡಿಕೆಯ ಗೆರೆಯಲ್ಲೇ ಇರಬೇಕು, ನೋಡಿ ಹೇಳು.

ಬಿಸಿಲು ತಡೆಯಲು ಒಳಗೆ ಔಷಧ ಬೆರೆಸುತ್ತಾರೆ, ಯುವಿ ಸ್ಟೆಬಿಲೈಸ್ಡ್ ಅಂತ ಬರೆದಿರುತ್ತಾರೆ. ಅಗ್ಗದ್ದರಲ್ಲಿ ಅದನ್ನೇ ಉಳಿಸುತ್ತಾರೆ, ಯಾಕಂದರೆ ಅಂಗಡಿಯಲ್ಲಿ ಕಣ್ಣಿಗೆ ಕಾಣುವುದಿಲ್ಲ, ತಕ್ಕಡಿಗೂ ಸಿಗುವುದಿಲ್ಲ. ಅದಕ್ಕೆ ನಾವು ಐಎಸ್‌ಐ ಗುರುತು ಇರುವುದನ್ನೇ ಕೇಳುತ್ತೇವೆ. ನೇಯ್ದ ಎಚ್‌ಡಿಪಿಇಗೆ ಐಎಸ್ 7903 ಅಂತ ಸಂಖ್ಯೆ ಇರುತ್ತದೆ. ಕಪ್ಪು ಬಣ್ಣದ್ದು ಬಿಸಿಲಿಗೆ ಜಾಸ್ತಿ ಬಾಳುತ್ತದೆ. ಅದರಲ್ಲಿ ಬೆರೆಸುವ ಕಾರ್ಬನ್ ಬ್ಲ್ಯಾಕ್ ಅಂದರೆ ಕಾಡಿಗೆಯಂಥ ಕರಿ, ಆ ಕರಿಯೇ ಕಿರಣವನ್ನು ತಡೆಯುತ್ತದೆ. ಆದರೆ ಹಗಲು ಅದರ ಕೆಳಗೆ ಕೂರಲಾಗುವುದಿಲ್ಲ, ಒಲೆಯ ಬಾಯಿ ಇದ್ದ ಹಾಗೆ. ನಿಮಗೆ ರಾತ್ರಿ ಮಾತ್ರ ಬೇಕು ಅಂದರೆ ನಡೆದೀತು.

ಸೈಕಲ್‌ನವ, ಧಾರವಾಡ

ಹೌದು ಅಕ್ಕಾ, ಮಡಿಕೆಯ ಗೆರೆಯಲ್ಲೇ ಹರಿದಿದೆ. ಕೆರೆದರೆ ಉಗುರಿಗೆ ನೀಲಿ ಪುಡಿ ಬಂತು.

ಹಳೇ ಹುಬ್ಬಳ್ಳಿ

ಸಿಲ್ಪಾಲಿನ್ ತಗೊಳ್ಳಿ, ಕಣ್ಣುಮುಚ್ಚಿ.

ಪೆಂಡಾಲ್ ಕೆಲಸ, ಹಾವೇರಿ

ಕಣ್ಣು ತೆರೆದೇ ತಗೊಳ್ಳಿ ಯಜಮಾನ್ರೇ. ಅದು ಒಂದು ಕಂಪನಿ ಇಟ್ಟ ಹೆಸರು, ಈಗ ಜನ ಎಲ್ಲದಕ್ಕೂ ಅದನ್ನೇ ಅನ್ನುತ್ತಾರೆ, ಅಂಗಡಿಯವರೂ ಯಾವುದನ್ನೋ ಅದೇ ಹೆಸರಲ್ಲಿ ಕೊಡುತ್ತಾರೆ. ವಸ್ತುವಿನ ಹೆಸರು ಕ್ರಾಸ್ ಲ್ಯಾಮಿನೇಟೆಡ್, ಐಎಸ್ 14611. ಅದರಲ್ಲಿ ನೇಯ್ಗೆ ಇರುವುದಿಲ್ಲ. ಪ್ಲಾಸ್ಟಿಕ್ ಹಾಳೆಗಳನ್ನು ಒಂದು ಈ ಓರೆ, ಒಂದು ಆ ಓರೆ ಎಳೆದು ಒಂದರ ಮೇಲೊಂದು ಕೂಡಿಸಿರುತ್ತಾರೆ. ಹರಿದರೆ ನೇರ ಓಡುವುದಿಲ್ಲ. ನೂಲು ಬಿಚ್ಚಿಕೊಳ್ಳುವ ತಾಪತ್ರಯ ಇಲ್ಲ. ಜಾರುತ್ತದೆ ಮತ್ತು ಗಾಳಿಗೆ ಬಹಳ ಸದ್ದು ಮಾಡುತ್ತದೆ. ನಿದ್ದೆ ಸೂಕ್ಷ್ಮ ಇದ್ದವರಿಗೆ ಕಷ್ಟ.

ಲಾರಿ ಮನೆ, ಹುಬ್ಬಳ್ಳಿ

ನಮ್ಮ ಅಪ್ಪ ಮೂವತ್ತು ವರ್ಷ ಲಾರಿ ಓಡಿಸಿದವರು. ಲಾರಿಗೆ ಮೊದಲು ಕ್ಯಾನ್ವಾಸ್ ಇತ್ತು, ಮೇಣ ಹಾಕಿದ ದಪ್ಪ ಹತ್ತಿ ಬಟ್ಟೆ. ಅದರ ಕೆಳಗೆ ಸೆಕೆ ಆಗುತ್ತಿರಲಿಲ್ಲ, ಬೆಳಗ್ಗೆ ಒಳಗೆ ಹನಿ ಕಟ್ಟುತ್ತಿರಲಿಲ್ಲ. ಮಳೆಯಲ್ಲಿ ಒಳಗಿಂದ ಬೆರಳು ತಾಗಿಸಿದರೆ ಮಾತ್ರ ಅಲ್ಲೇ ತೊಟ್ಟಿಕ್ಕಲು ಶುರು, ಅದಕ್ಕೆ ನಮಗೆ ಮುಟ್ಟಬೇಡ ಅಂತ ಬೈಗುಳ. ಒದ್ದೆ ಆದರೆ ಇಬ್ಬರೇ ಎತ್ತಲಾಗದ ಭಾರ. ಈಗ ಪಿವಿಸಿ ಬಂದಿದೆ, 500, 600 ಜಿಎಸ್‌ಎಂ, ಅದು ಸೈಕಲ್ಲಿಗಂತೂ ಅಲ್ಲವೇ ಅಲ್ಲ.

ಉಣಕಲ್ ಕೆರೆ ದಂಡೆ

ಹಳೇ ಫ್ಲೆಕ್ಸ್ ಬ್ಯಾನರ್ ಪುಕ್ಕಟೆ ಸಿಗುತ್ತಲ್ಲ, ಅದನ್ನೇ ಕಟ್ಟಿದರೆ ಏನಾಗುತ್ತದೆ? ಯಾರದ್ದಾದರೂ ಹುಟ್ಟುಹಬ್ಬದ ಫೋಟೊ ನೋಡುತ್ತಾ ಮಲಗಬಹುದು.

ಲಾರಿ ಮನೆ, ಹುಬ್ಬಳ್ಳಿ

ನೆಲಕ್ಕೆ ಹಾಸಲು ಪರವಾಗಿಲ್ಲ. ಮೇಲೆ ಕಟ್ಟಿದರೆ ಒಂದು ಬೇಸಿಗೆಗೇ ಸೆಟೆದು ಬಿರುಕು ಬಿಡುತ್ತದೆ. ಅಂಚಿಗೆ ಬಲ ಇಲ್ಲ.

ಗದ್ದೆ ಅಂಚು, ಹಾನಗಲ್

ರೈತ ಸಂಪರ್ಕ ಕೇಂದ್ರದಲ್ಲಿ ರಿಯಾಯಿತಿಯಲ್ಲಿ ಕೊಡುವುದು ಗಟ್ಟಿ ಇರುತ್ತದೆ. ನಮ್ಮ ದೊಡ್ಡಪ್ಪನಿಗೆ 8×6 ಮೀಟರಿನದು ಬಂದಿತ್ತು, 250 ಜಿಎಸ್‌ಎಂ, ಮೂರು ಸುಗ್ಗಿ ಆಯಿತು, ಇನ್ನೂ ಇದೆ. ತೂಕ 12 ಕೆಜಿ. ಯಾರ ಸೈಕಲ್ ಮೇಲೆ ಏರಿಸುತ್ತೀರಿ ನೋಡಿ. ಅದೂ ಅಲ್ಲದೆ ಅದು ಪಹಣಿ ಇದ್ದವರ ಕಾಳು ಉಳಿಸಲು ಕೊಡುವುದು, ನಮ್ಮ ಮೋಜಿಗೆ ಅಲ್ಲ.

ಕುರಿ ಮನೆತನ, ಶಿರಹಟ್ಟಿ

ಎಲ್ಲ ಓದಿದೆ. ಈಗ ನನ್ನದು.

ನಮ್ಮ ಮನೆಯಲ್ಲಿ ಅಜ್ಜನ ಕಾಲದಿಂದ ಕುರಿ. ವರ್ಷದಲ್ಲಿ ಏಳೆಂಟು ತಿಂಗಳು ಯಾರದ್ದೋ ಹೊಲದಲ್ಲಿ ಹಟ್ಟಿ ಹಾಕಿ ಮಲಗುವವರು ನಾವು. ನನ್ನ ಕಾಕಾ ಬಳಸುವ ತಾಡಪತ್ರಿ ನೋಡಿದರೆ ನೀವು ನಗುತ್ತೀರಿ, 120 ಜಿಎಸ್‌ಎಂ ಇದ್ದರೆ ಹೆಚ್ಚು. ಅದು ಆಷಾಢ ದಾಟುತ್ತದೆ, ನಿಮ್ಮದು ದಾಟಲಿಲ್ಲ. ಕಟ್ಟುವುದರಲ್ಲಿ ವ್ಯತ್ಯಾಸ ಇದೆ.

ಮೊದಲನೆಯದು, ರಿಂಗ್ ನಂಬಬೇಡಿ. ಅಲ್ಯೂಮಿನಿಯಂ ರಿಂಗ್ ಅಂದರೆ ತಾಡಪತ್ರಿಗೆ ತೂತು ಮಾಡಿ ತೂತಿಗೆ ಉಂಗುರ ತೊಡಿಸಿದ್ದು, ಎಳೆತವೆಲ್ಲ ಆ ತೂತಿನ ಅಂಚಿಗೆ ಬೀಳುತ್ತದೆ. ಕಾಕಾ ಹೀಗೆ ಮಾಡುತ್ತಾರೆ: ಅಂಚಿನಿಂದ ಒಂದು ಗೇಣು ಒಳಗೆ, ಕೆಳಗಡೆಯಿಂದ ನಿಂಬೆಹಣ್ಣಿನಷ್ಟು ದೊಡ್ಡ ನುಣುಪು ಕಲ್ಲು ಇಡುತ್ತಾರೆ. ತಾಡಪತ್ರಿಯನ್ನು ಕಲ್ಲಿನ ಸುತ್ತ ಮುದುಡಿ, ಕಲ್ಲಿನ ಕುತ್ತಿಗೆಗೆ ಎರಡು ಸುತ್ತು ಹಗ್ಗ ಹಾಕಿ ಬಿಗಿಯುತ್ತಾರೆ. ಗಂಟು ಗೋಲಿಯ ಹಾಗೆ ಉಬ್ಬಿ ನಿಲ್ಲುತ್ತದೆ. ತೂತು ಇಲ್ಲ, ಅಂದ ಮೇಲೆ ಹರಿಯುವುದೆಲ್ಲಿಂದ? ಎಳೆದಷ್ಟೂ ಗಟ್ಟಿ. ಚೂಪು ಕಲ್ಲು ಬೇಡ, ಹಳ್ಳದ ಕಲ್ಲೇ ಆಗಬೇಕು. ಎರೆ ಸೀಮೆಯಲ್ಲಿ ಕಲ್ಲು ಸಿಗದಿದ್ದರೆ ಒಂದು ಮುಷ್ಟಿ ಹಸಿ ಮಣ್ಣು ಉಂಡೆ ಕಟ್ಟಿದರೂ ಆಯಿತು.

ಎರಡನೆಯದು ಗೂಟ. ಮಸಾರಿ ಅಂದರೆ ಕೆಂಪು ನೆಲದಲ್ಲಿ ಯಾವ ಗೂಟವಾದರೂ ನಿಲ್ಲುತ್ತದೆ. ಎರೆಮಣ್ಣು ಹಾಗಲ್ಲ. ಒಣಗಿದಾಗ ಬಿರುಕು, ನೆನೆದಾಗ ಬೆಣ್ಣೆ. ಸಂಜೆ ಗಟ್ಟಿ ಇದ್ದ ಗೂಟ ಮಳೆ ಬಂದ ಒಂದು ತಾಸಿಗೆ ಕೈಯಿಂದಲೇ ಕೀಳಬಹುದು. ಅಲ್ಲಿ ಮೊಳದುದ್ದದ ಜಾಲಿ ಗೂಟವನ್ನು ಹೊರಗೆ ವಾಲಿಸಿ ಹೊಡೆಯಬೇಕು, ಇಲ್ಲವಾದರೆ ಗೊಬ್ಬರದ ಖಾಲಿ ಚೀಲಕ್ಕೆ ಮಣ್ಣು ತುಂಬಿ ಅದಕ್ಕೆ ಕಟ್ಟಬೇಕು.

ಮೂರನೆಯದು ಎತ್ತರ. ನೀವು ನಿಂತು ಓಡಾಡುವಷ್ಟು ಎತ್ತರ ಕಟ್ಟಿರುತ್ತೀರಿ, ಹೌದೋ ಅಲ್ಲವೋ? ನಾವು ಒಳಗೆ ತೆವಳಿಕೊಂಡೇ ಹೋಗುವುದು. ಆಷಾಢದಲ್ಲಿ ಗಾಳಿ ಪಡುವಣದ್ದು, ಆ ಕಡೆಯ ಅಂಚನ್ನು ನೆಲಕ್ಕೇ ತಾಗಿಸಿ ಮೇಲೆ ಕಲ್ಲು ಹೇರಬೇಕು, ಬಾಯಿ ಮೂಡಣಕ್ಕೆ. ಬೇಸಿಗೆಯ ಅಡ್ಡಮಳೆಗೆ ಮಾತ್ರ ಈ ಲೆಕ್ಕ ಇಲ್ಲ, ಅದು ಯಾವ ಕಡೆಯಿಂದಾದರೂ ಬಂದು ಬಡಿಯುತ್ತದೆ.

ಪಾಲಿಟೆಕ್ನಿಕ್ ಮಾಸ್ತರ್, ಗದಗ

ಇವರ ಮೂರನೆಯ ಮಾತಿಗೆ ಎರಡು ಲೆಕ್ಕ ಸೇರಿಸುತ್ತೇನೆ. ಗಾಳಿಯ ವೇಗ ಎರಡು ಪಟ್ಟಾದರೆ ಒತ್ತಡ ನಾಲ್ಕು ಪಟ್ಟು ಆಗುತ್ತದೆ. ನೆಲದ ಹತ್ತಿರ ಗಾಳಿ ನಿಧಾನ, ಮೇಲೆ ಹೋದಷ್ಟೂ ಜೋರು. ಕುರಿಯವರು ಲೆಕ್ಕ ಮಾಡದೆ ಸರಿಯಾಗಿ ಕಟ್ಟುತ್ತಾರೆ.

ನೀವು ನಾಲ್ಕು ಜನಕ್ಕೆ 12×15 ಹೊರುವುದೇ ಜಾಸ್ತಿ ಆಯಿತು. 10×12 ಸಾಕು. 12 ಅಡಿಯ ಕಡೆ ನಡುಹಗ್ಗ ಕಟ್ಟಿ ಎರಡೂ ಬದಿಗೆ ಐದೈದು ಅಡಿ ಇಳಿಬಿಡಿ. ಹಗ್ಗ ಮೂರು ಅಡಿ ಎತ್ತರ ಇದ್ದರೆ ಒಂದೊಂದು ಬದಿಗೆ ನಾಲ್ಕು ಅಡಿ ಅಗಲ ಸಿಗುತ್ತದೆ, 3-4-5ರ ತ್ರಿಕೋನ, ಶಾಲೆಯಲ್ಲಿ ಕಲಿತದ್ದೇ. ಒಳಗೆ 8×12 ಅಡಿ ನೆಲ. ಅಡ್ಡಡ್ಡ ಮಲಗಿದರೆ ನಾಲ್ವರು, ತಲೆದೆಸೆಗೆ ಚೀಲ.

ಇನ್ನೊಂದು, ಚಪ್ಪಟೆ ಕಟ್ಟಬೇಡಿ. ಒಂದು ಚದರ ಮೀಟರ್ ಮೇಲೆ ಒಂದು ಮಿ.ಮೀ. ಮಳೆ ಅಂದರೆ ಒಂದು ಲೀಟರ್ ನೀರು. 10×12 ಅಡಿಯ ಮೇಲೆ 20 ಮಿ.ಮೀ. ಬಿದ್ದರೆ 220 ಲೀಟರ್. ಅದು ಇಳಿದು ಹೋಗದೆ ಹೊಟ್ಟೆ ಬಿಟ್ಟು ನಿಂತರೆ ನಿಮ್ಮ ತಲೆಯ ಮೇಲೆ ಒಂದು ಡ್ರಮ್ ನೀರು ತೂಗಾಡುತ್ತಿರುತ್ತದೆ.

ಹಳೇ ಹುಬ್ಬಳ್ಳಿ

ನಮ್ಮ ಕಡೆ ಬನದ ಹುಣ್ಣಿಮೆಗೆ ಚಕ್ಕಡಿ ಕಟ್ಟಿಕೊಂಡು ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಹೋಗುವವರನ್ನು ನೋಡಿ. ಚಕ್ಕಡಿಯ ನೊಗ ಮೇಲೆತ್ತಿ ನಿಲ್ಲಿಸಿ ಅದಕ್ಕೇ ತಾಡಪತ್ರಿ ಇಳಿಬಿಡುತ್ತಾರೆ, ಹತ್ತು ನಿಮಿಷಕ್ಕೆ ಮನೆ. ಹೋಳಿಗೆ ಬೇಯಿಸಿ ಉಂಡು ಮಲಗುತ್ತಾರೆ. ಕ್ಯಾಂಪಿಂಗ್ ಅನ್ನುವ ಹೆಸರು ಮಾತ್ರ ನಮಗೆ ಹೊಸದು.

ಮೆಣಸಿನಕಾಯಿ ಕಣ, ಬ್ಯಾಡಗಿ

ಒಲೆ ಮಾತು ಬಂತಲ್ಲ, ತಾಡಪತ್ರಿಯ ಒಳಗೆ ಒಲೆ ಹಚ್ಚಬೇಡಿ. ಕುದಿಯುವ ನೀರಿಗಿಂತ ಸ್ವಲ್ಪ ಜಾಸ್ತಿ ಬಿಸಿಗೇ ಇದು ಕರಗಲು ಶುರುವಾಗುತ್ತದೆ. ಒಂದು ಕಿಡಿ ಹಾರಿದರೆ ಒಂದು ತೂತು. ದೊಡ್ಡದಾಗಿ ಹತ್ತಿದರೆ ಕರಗಿದ ಹನಿ ಮೈಮೇಲೆ ಬೀಳುತ್ತದೆ.

ಸಿಡಿಲಿನ ದಿನ ಒಂಟಿ ಮರಕ್ಕೆ ಹಗ್ಗ ಕಟ್ಟಿ ಅದರ ಬುಡದಲ್ಲಿ ಮಲಗಲೂ ಬೇಡಿ. ಬಯಲುಸೀಮೆಯಲ್ಲಿ ಮರವೇ ಅಪರೂಪ, ಇರುವ ಒಂದೇ ಬೇವಿನ ಮರದ ಕೆಳಗೆ ಎಲ್ಲರೂ ಓಡುತ್ತಾರೆ. ಗುಡುಗು ಕೇಳಿದರೆ ಸೈಕಲ್ ಅಲ್ಲೇ ಬಿಟ್ಟು ಹತ್ತಿರದ ಪಕ್ಕಾ ಮನೆಗೆ ಹೋಗಿ. ಹೊಲದವರು ಬೈಯುವುದಿಲ್ಲ, ಚಹಾ ಕೊಡುತ್ತಾರೆ.

ಉಣಕಲ್ ಕೆರೆ ದಂಡೆ

ಹರಿದದ್ದಕ್ಕೆ ಅಂಟು ಹಾಕಿದರೆ ನಿಲ್ಲುತ್ತಾ?

ಪೆಂಡಾಲ್ ಕೆಲಸ, ಹಾವೇರಿ

ಪಾಲಿಥಿನ್‌ಗೆ ಸಾಮಾನ್ಯ ಅಂಟು ಯಾವುದೂ ಹಿಡಿಯುವುದಿಲ್ಲ, ಒಣಗಿದ ಮೇಲೆ ಹಾಳೆಯ ಹಾಗೆ ಸುಲಿದು ಬರುತ್ತದೆ. ಪಿವಿಸಿಗೆ ಮಾತ್ರ ಪೈಪಿನ ಅಂಟು ಹಿಡಿಯುತ್ತದೆ. ನಿಮ್ಮದಕ್ಕೆ ಎರಡೂ ಕಡೆ ಅಗಲ ಟೇಪ್ ಹಾಕಿ, ಅದೂ ಒರೆಸಿ ಒಣಗಿಸಿದ ಮೇಲೆ. ಇಲ್ಲವಾದರೆ ಹೊಲಿಯುವ ಅಂಗಡಿಯಲ್ಲಿ ಬಿಸಿಗಾಳಿ ಮಿಷನ್ ಇದ್ದರೆ ತೇಪೆ ಬೆಸೆಸಿ. ಬಿಸಿಲಿಗೆ ಪುಡಿಯಾದದ್ದಕ್ಕೆ ಯಾವುದೂ ಬೇಡ, ದುಡ್ಡು ದಂಡ.

ಸೈಕಲ್‌ನವ, ಧಾರವಾಡ

ಮೂರು ವಾರದ ಮೇಲೆ ಬರೆಯುತ್ತಿದ್ದೇನೆ. ಎಪಿಎಂಸಿ ಹತ್ತಿರದ ಒಂದು ಅಂಗಡಿಗೆ ಹೋಗಿ 10×12, 200 ಜಿಎಸ್‌ಎಂ, ಐಎಸ್‌ಐ ಗುರುತು ಇರುವುದು ಕೇಳಿದೆ. ತೂಗಿ ಕೊಡಿ ಅಂದೆ. ಮಾಲೀಕರು ಒಮ್ಮೆ ನನ್ನ ಮುಖ ನೋಡಿದರು, ಆಮೇಲೆ ಮೊದಲು ತೆಗೆದಿಟ್ಟಿದ್ದನ್ನು ಒಳಗಿಟ್ಟು ಬೇರೆ ಒಂದನ್ನು ತಂದರು 😀 2 ಕೆಜಿ 250 ಗ್ರಾಂ, ಲೆಕ್ಕಕ್ಕೆ 2 ಕೆಜಿ 230 ಬರಬೇಕಿತ್ತು. ಅಂಚಿನಲ್ಲಿ ಹಗ್ಗ ಹಾಕಿ ಮಡಚಿದ್ದಾರೆ. ಎರಡು ಸಾವಿರದೊಳಗೇ ಆಯಿತು, ಉಳಿದದ್ದಕ್ಕೆ ಹೊಸ ಹಗ್ಗ.

ಮಘಾ ಮಳೆಯಲ್ಲಿ ಅದೇ ಹೊಲಕ್ಕೆ ಹೋದೆವು. ಹಳ್ಳದಿಂದ ಎಂಟು ಕಲ್ಲು ಆರಿಸಿಕೊಂಡು ಬಂದು ಕುರಿ ಕಾಕಾನ ಗಂಟು ಹಾಕಿದೆವು. ನಮ್ಮ ಬಳಿ ಪಂಕ್ಚರ್ ಆದ ಸೈಕಲ್ ಟ್ಯೂಬ್ ಬೇಕಾದಷ್ಟಿವೆ, ಅದನ್ನು ಕತ್ತರಿಸಿ ಹಗ್ಗ ಮತ್ತು ಗೂಟದ ನಡುವೆ ಕಟ್ಟಿದೆವು. ಗಾಳಿ ಬಂದಾಗ ಹಿಗ್ಗುತ್ತದೆ, ಹೋದಾಗ ತಾನೇ ಬಿಗಿಯುತ್ತದೆ. ನಾಲ್ಕು ಗಂಟೆಗೆ ಜೋರು ಮಳೆ, ಗಾಳಿ ಎರಡೂ ಬಂತು. ಒಂದು ಗಂಟೂ ಸಡಿಲಲಿಲ್ಲ, ಮೇಲಿನಿಂದ ಒಂದು ಹನಿಯೂ ಇಲ್ಲ.

ಆದರೂ ಇಬ್ಬರ ಹಾಸಿಗೆ ಪೂರ್ತಿ ನೆನೆಯಿತು, ಕೆಳಗಿನಿಂದ. ಹಳೇ ನೀಲಿಯದನ್ನು ಕತ್ತರಿಸಿ ನೆಲಕ್ಕೆ ಹಾಸಿದ್ದೆವು. ಅದರಲ್ಲಿ ತೂತು ಇಲ್ಲ, ನೋಡಿದ್ದೇನೆ. ನೀರು ಎಲ್ಲಿಂದ ಬಂತು ಗೊತ್ತಾಗುತ್ತಿಲ್ಲ.

ಕುರಿ ಮನೆತನ, ಶಿರಹಟ್ಟಿ

ಹಾಸಿದ್ದು ಮೇಲಿನದಕ್ಕಿಂತ ಹೊರಗೆ ಚಾಚಿತ್ತಾ?

ಸೈಕಲ್‌ನವ, ಧಾರವಾಡ

ಪಡುವಣ ಕಡೆ ಒಂದು ಅಡಿ ಚಾಚಿತ್ತು ಅಣ್ಣಾ. ಚಪ್ಪಲಿ ಇಡೋಕೆ ಅಂತ ಬಿಟ್ಟಿದ್ದೆವು.

ಕುರಿ ಮನೆತನ, ಶಿರಹಟ್ಟಿ

ಅಲ್ಲೇ. ಮೇಲಿಂದ ಇಳಿದ ನೀರೆಲ್ಲ ಅದರ ಮೇಲೆ ಬಿದ್ದು ಜಾರಿಕೊಂಡು ನಿಮ್ಮ ಬೆನ್ನಿನ ಕೆಳಗೆ ಬಂದಿದೆ. ಹಾಸು ಯಾವಾಗಲೂ ಮೇಲಿನದಕ್ಕಿಂತ ಒಂದು ಗೇಣು ಒಳಗೇ ಇರಬೇಕು, ಹೊರಗೆ ಉಳಿದದ್ದನ್ನು ಕೆಳಗೆ ಮಡಚಿ. ನಾನು ಮೊದಲೇ ಹೇಳಬೇಕಿತ್ತು, ಮರೆತೆ. ಚಪ್ಪಲಿ ನೆನೆಯಲಿ ಬಿಡಿ.